ದೋಣಿಯ ಬೂಷ್ಟಿಗೆ ಗಾಳಿಯೊಂದೇ ಮದ್ದಲ್ಲ

ಬೂಷ್ಟು ಕಂಡರೆ ಕಿಟಕಿ ಬಾಗಿಲು ತೆರೆದು ಗಾಳಿಗೆ ಬಿಡುವುದು ನಾವು ಕನ್ನಡಿಗರಿಗೆ ಚಿಕ್ಕಂದಿನಿಂದ ರೂಢಿ. ಹೊರನಾಡಿನಲ್ಲಿ ದೋಣಿ ಇಟ್ಟುಕೊಂಡ ಹಲವರು ಮಾಡುವುದು ಇದಕ್ಕೆ ತದ್ವಿರುದ್ಧ: ಕ್ಯಾಬಿನ್ ಬಿಗಿಯಾಗಿ ಮುಚ್ಚಿ ಒಳಗೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ, ಹಾಕಿಡುತ್ತಾರೆ. ದಡದಲ್ಲಿ ಕರೆಂಟ್ ಸಿಗುವಂತಿದ್ದರೆ, ಜಡಿಮಳೆಯ ಹವೆಯಲ್ಲಿ ಇವರ ದಾರಿಯೇ ಸರಿ ಎನ್ನುತ್ತೇನೆ.

ಕಾರಣ ಸರಳ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 85 ಇದ್ದರೆ, ಆ ಗಾಳಿ ಸುಮಾರು 27 ಡಿಗ್ರಿಯ ಮೇಲ್ಮೈ ತಾಕಿದರೆ ಸಾಕು, ನೀರು ಬಿಡುತ್ತದೆ. ದೋಣಿಯ ಕೆಳಭಾಗ ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಮುಳುಗಿದ್ದರೆ ಒಳಗೋಡೆ ಬೆವರುತ್ತದೆ. ಹಾಸಿಗೆ ಎತ್ತಿ ನೋಡಿ: ಮೇಲೆ ಬಟ್ಟೆ ಒಣಗಿರುತ್ತದೆ, ಅಡಿಯ ಪ್ಲೈವುಡ್ ಮೇಲೆ ಕಪ್ಪು ಚುಕ್ಕೆಗಳ ಸಾಲು. ಅಂಥ ದಿನ ಕಿಟಕಿ ತೆರೆಯುವುದೆಂದರೆ ಒಳಗೆ ನೀರು ತುಂಬಿದಂತೆಯೇ.

ಮುಚ್ಚಿದ ಕ್ಯಾಬಿನ್ನಿನಲ್ಲಿ ತೇವಾಂಶವನ್ನು ಶೇ. 50ರ ಆಸುಪಾಸಿನಲ್ಲಿಡಿ, 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಯಂತ್ರದ ನೀರಿನ ಡಬ್ಬಿ ತುಂಬಿದರೆ ಅದು ತಾನೇ ನಿಂತುಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅದರ ನೀರಿನ ಪೈಪನ್ನು ಸಿಂಕಿಗೆ ಬಿಡಬೇಕು, ದೋಣಿಯ ತಳದಲ್ಲಿ ನೀರು ನಿಲ್ಲುವ ಬಿಲ್ಜಿಗಲ್ಲ. ಗಾಳಿಯನ್ನು ತಣಿಸಿ ನೀರಿಳಿಸುವ ಕಂಪ್ರೆಸರ್ ಯಂತ್ರ ಸುಮಾರು 15 ಡಿಗ್ರಿಗಿಂತ ಕೆಳಗೆ ಸೊರಗುತ್ತದೆ. ಚಳಿಯಿರುವಲ್ಲಿ ತೇವ ಹೀರುವ ವಸ್ತು ಬಳಸುವ ಡೆಸಿಕಂಟ್ ಬಗೆಯದು ಬೇಕು. ಅರೆಬರೆ ತೆರೆದಿಟ್ಟು ಯಂತ್ರ ಓಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಆದರೆ ಪೆಟ್ರೋಲ್ ಎಂಜಿನ್ ಕೋಣೆಯ ಗಾಳಿಕಿಂಡಿಯನ್ನು ಎಂದೂ ಮುಚ್ಚಬೇಡಿ, ಯಂತ್ರವನ್ನೂ ಅದರ ಹತ್ತಿರ ಇಡಬೇಡಿ. ಒಳಗೆ ಜನ ಇರುವಾಗ ಒಲೆ, ಹೀಟರಿನ ಕಿಂಡಿಗಳೂ ತೆರೆದಿರಬೇಕು. ಒಲೆಯೂ ಒಳಗೆ ತೇವ ತರುತ್ತದೆ: 1 ಕಿಲೋ ಗ್ಯಾಸ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹೊರಬರುತ್ತದೆ.

ಕರೆಂಟ್ ಇಲ್ಲದಿದ್ದರೆ ನಮ್ಮ ಹಳೆಯ ದಾರಿಯೇ ಗತಿ, ಆದರೆ ಪೂರ್ತಿಯಾಗಿ: ಮುಂದೊಂದು ಕಿಂಡಿ, ಹಿಂದೊಂದು ಕಿಂಡಿ, ಕಪಾಟುಗಳೆಲ್ಲ ತೆರೆದು, ಹಾಸಿಗೆ ನಿಲ್ಲಿಸಿ, ಮೇಲೆ ಮಳೆ ತಡೆಯುವ ಹೊದಿಕೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪಿನ ಡಬ್ಬಿಗಳು ಮುಚ್ಚಿದ ಸಣ್ಣ ಕಪಾಟಿಗೆ ಸರಿ. ತೆರೆದ ಕ್ಯಾಬಿನ್ನಿನಲ್ಲಿ ದಂಡ, ಅದರ ಉಪ್ಪುನೀರು ಚೆಲ್ಲಿದರೆ ಲೋಹಕ್ಕೂ ಕೇಡು.

ಬಂದಿರುವ ಬೂಷ್ಟನ್ನು ಒಣಗಿದ್ದಾಗ ಉಜ್ಜಬೇಡಿ, ಬೀಜಕಣ ಹಾರಿ ಎಲ್ಲೆಡೆ ಕೂರುತ್ತದೆ. ಎನ್-95 ಮಾಸ್ಕ್ ಹಾಕಿ, ಶೇ. 5ರ ಬಿಳಿ ವಿನೆಗರನ್ನು ನೀರು ಬೆರೆಸದೆ ಸಿಂಪಡಿಸಿ, ಒಂದು ಗಂಟೆ ಬಿಟ್ಟು ಒರೆಸಿ. ಮರಕ್ಕೆ, ಪ್ಲೈವುಡ್ಡಿಗೆ ಲೀಟರ್ ಬಿಸಿನೀರಿಗೆ 50 ಗ್ರಾಂ ಬೋರಾಕ್ಸ್ (ಬಿಳಿಗಾರ) ಕರಗಿಸಿ ಹಚ್ಚಿ, ತೊಳೆಯದೆ ಒಣಗಲು ಬಿಡಿ. ಒಣಗಿ ಮೇಲ್ಮೈಯಲ್ಲಿ ಉಳಿದ ಪುಡಿ ಬೂಷ್ಟು ಮತ್ತೆ ಬೆಳೆಯದಂತೆ ತಡೆಯುತ್ತದೆ. ಬ್ಲೀಚ್ ಬಗ್ಗೆ ನನಗೆ ಒಲವಿಲ್ಲ: ಮರದ ಮೇಲಿನ ಕಪ್ಪು ಬಣ್ಣ ಹೋದರೂ ಬೇರು ಒಳಗೇ ಉಳಿಯುತ್ತದೆ, ಸೀಟಿನ ಹೊಲಿಗೆ ದಾರ ಲಡ್ಡಾಗುತ್ತದೆ. ಅದನ್ನು ವಿನೆಗರ್ ಜೊತೆ ಬೆರೆಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ.

ಕಲೆ ಸ್ಪಂಜಿನ ಒಳಕ್ಕೆ ಇಳಿದಿದ್ದರೆ ಹಾಸಿಗೆ ಬದಲಿಸಿ. ಹೊಸದನ್ನು ನೇರ ಪ್ಲೈವುಡ್ ಮೇಲೆ ಹಾಕದೆ, ಅಡಿಯಲ್ಲಿ ಮರದ ಪಟ್ಟಿ ಹೊಡೆದು 2-3 ಸೆಂ.ಮೀ. ಗಾಳಿ ಬಿಡಿ. ಕಡಲನೀರು ತಾಗಿದ ಬಟ್ಟೆಯನ್ನು ಸಿಹಿನೀರಲ್ಲಿ ತೊಳೆದೇ ಒಳಗಿಡಿ. ಉಪ್ಪು ಉಳಿದರೆ ಅದು ತೇವ ಹೀರುತ್ತಲೇ ಇರುತ್ತದೆ.