ಸ್ಪಷ್ಟನೆ: ‘ಆ್ಯನಿ’ ಶಾರುಖ್ ನಾಯಕನಾಗಿದ್ದ ಸಿನಿಮಾ ಅಲ್ಲ

‘ಇನ್ ವಿಚ್ ಆ್ಯನಿ ಗಿವ್ಸ್ ಇಟ್ ದೋಸ್ ಒನ್ಸ್’ ಶಾರುಖ್ ಖಾನ್ ನಾಯಕನಾಗಿದ್ದ ಮೊದಲ ಸಿನಿಮಾ, ಥಿಯೇಟರಿನಲ್ಲಿ ಸೋತು ಮೂಲೆಗುಂಪಾಯಿತು ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಪ್ರದೀಪ್ ಕೃಷನ್ ಇದನ್ನು ದೂರದರ್ಶನಕ್ಕೆಂದೇ ತೆಗೆದರು. ಆಗ ಥಿಯೇಟರಿಗೆ ಬಾರದ ಚಿತ್ರ ಅಲ್ಲಿ ಸೋಲುವುದಾದರೂ ಹೇಗೆ? 1989ರಲ್ಲಿ ದೂರದರ್ಶನ ತಡರಾತ್ರಿ ಪ್ರಸಾರ ಮಾಡಿತು. ಟಿವಿ ಎಂದರೆ ದೂರದರ್ಶನವೊಂದೇ ಆಗಿದ್ದ ಆ ಕಾಲದಲ್ಲಿ ಅದು ತಪ್ಪಿತೆಂದರೆ ತಪ್ಪಿತು, ಮತ್ತೆ ನೋಡುವ ದಾರಿಯಿರಲಿಲ್ಲ. ಮರೆವಿಗೆ ನಿಜವಾದ ಕಾರಣ ಇದೇ.

ಶಾರುಖ್ ಇದರಲ್ಲಿ ಕೆಲವೇ ಮಾತುಗಳ ಸಣ್ಣ ಪಾತ್ರದಲ್ಲಿದ್ದಾರೆ. ಮನೋಜ್ ಬಾಜಪೇಯಿ ಅವರದೂ ಹಾಗೆಯೇ. ಆ್ಯನಿ ಅಲಿಯಾಸ್ ಆನಂದ್ ಗ್ರೋವರ್ ಆಗಿರುವವರು ಅರ್ಜುನ್ ರೈನಾ. ಕಥೆ ನಡೆಯುವುದು 1974ರ ದೆಹಲಿಯ ವಾಸ್ತುಶಿಲ್ಪ ಕಾಲೇಜಿನಲ್ಲಿ. ಪ್ರಿನ್ಸಿಪಾಲರನ್ನು ಗೇಲಿ ಮಾಡಿದ್ದಕ್ಕೆ ಐದನೇ ವರ್ಷದಲ್ಲೇ ಕೊಳೆಯುತ್ತಿರುವ ಹುಡುಗ ಆ್ಯನಿ, ಹಾಸ್ಟೆಲ್ ಕೋಣೆಯಲ್ಲಿ ಕೋಳಿ ಸಾಕುತ್ತಾನೆ. ರೈಲು ಹಳಿಗಳ ಪಕ್ಕ ಹಣ್ಣಿನ ಮರ ನೆಡಬೇಕು, ಪ್ರಯಾಣಿಕರ ಮಲವೇ ಗೊಬ್ಬರ ಎನ್ನುವುದು ಅವನ ಯೋಜನೆ. ನಗು ಬರುತ್ತದೆ, ಆದರೆ ಅವನು ಹೇಳುವಾಗ ಮನಸಾರೆ ನಂಬಿಯೇ ಹೇಳುತ್ತಾನೆ. ಈ ಹುಡುಗನನ್ನು ಬದಿಗೊತ್ತಿ ಇದನ್ನು ಶಾರುಖ್ ಚಿತ್ರ ಎನ್ನುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಚಿತ್ರಕಥೆ ಅರುಂಧತಿ ರಾಯ್ ಅವರದು. ರಾಧಾ ಪಾತ್ರವನ್ನೂ ಅವರೇ ಮಾಡಿದ್ದಾರೆ. ಚಿತ್ರಕಥೆಗೂ, ಅತ್ಯುತ್ತಮ ಇಂಗ್ಲಿಷ್ ಚಿತ್ರವೆಂದೂ ರಾಷ್ಟ್ರಪ್ರಶಸ್ತಿಗಳು ಬಂದವು. ಚಿತ್ರಕಥೆಯ ಪ್ರಶಸ್ತಿಯನ್ನು ಅವರು 2015ರಲ್ಲಿ ಹಿಂದಿರುಗಿಸಿದರು.