ಚಿವುಟಿದ್ದೂ ಅವರೇ, ತೊಟ್ಟಿಲು ತೂಗುತ್ತಿರುವುದೂ ಅವರೇ

ನಮ್ಮೂರಿನ ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ನಿನ್ನೆ ರಾತ್ರಿ ಮತ್ತೆ ಅದೇ ವಿಡಿಯೊ ತುಣುಕು ಬಂದು ಬಿದ್ದಿದೆ. ನಮ್ಮ ಮಿಸೌರಿಯ ಸೆನೆಟರ್ ಜಾಶ್ ಹಾಲಿಯವರು, ದುಡಿದು ತಿನ್ನುವವರ ಮೆಡಿಕೇಡ್‌ಗೆ (ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಗೆ) ಕೈ ಹಾಕಬಾರದೆಂದು ತಮ್ಮದೇ ರಿಪಬ್ಲಿಕನ್ ಪಕ್ಷಕ್ಕೆ ಬುದ್ಧಿ ಹೇಳುತ್ತಿರುವ ತುಣುಕು ಅದು. ಕೆಳಗೆ ಒಬ್ಬರು, ಆ ಪಕ್ಷದಲ್ಲಿ ಒಬ್ಬರಿಗಾದರೂ ಎದೆಗಾರಿಕೆ ಇದೆಯಲ್ಲ ಎಂದು ಬರೆದು ಕೈಮುಗಿದಿದ್ದಾರೆ. ಗುಂಪಿನಲ್ಲಿ ರಾಜಕೀಯ ಮಾತನಾಡಬಾರದೆಂಬ ನಿಯಮವಿದೆ. ಆ ನಿಯಮ ವಿಡಿಯೊ ಕಳಿಸುವವರಿಗೆ ಅನ್ವಯಿಸುವುದಿಲ್ಲ, ಉತ್ತರ ಕೊಡುವವರಿಗೆ ಮಾತ್ರ ಅನ್ವಯಿಸುತ್ತದೆಯಾದ್ದರಿಂದ ಅಲ್ಲಿ ಸುಮ್ಮನಿದ್ದು ಇಲ್ಲಿ ಬರೆಯುತ್ತಿದ್ದೇನೆ.

2025ರ ಮೇ ತಿಂಗಳಲ್ಲಿ ಹಾಲಿಯವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬಡ ದುಡಿಮೆಗಾರರ ಆರೋಗ್ಯ ವಿಮೆಯನ್ನು ಕಿತ್ತು ಆ ಹಣದಿಂದ ಟ್ರಂಪ್ ಅವರ ತೆರಿಗೆ ಮತ್ತು ವೆಚ್ಚದ ದೊಡ್ಡ ಮಸೂದೆಯನ್ನು ಕಟ್ಟುವುದು ನೈತಿಕವಾಗಿ ತಪ್ಪು, ರಾಜಕೀಯವಾಗಿ ಆತ್ಮಹತ್ಯೆ ಎಂಬುದು ಅದರ ತಿರುಳು. ಮಿಸೌರಿಯಲ್ಲಿ ಐವರಲ್ಲಿ ಒಬ್ಬರು ಮೆಡಿಕೇಡ್ ಅಥವಾ ಮಕ್ಕಳ ವಿಮಾ ಯೋಜನೆಯನ್ನು ಅವಲಂಬಿಸಿದ್ದಾರೆ, ಗ್ರಾಮೀಣ ಆಸ್ಪತ್ರೆಗಳು ಈ ಹಣದಿಂದಲೇ ಉಸಿರಾಡುತ್ತಿವೆ, ರಾಜ್ಯದ ಮತದಾರರೇ 2020ರಲ್ಲಿ ಮೆಡಿಕೇಡ್ ವಿಸ್ತರಣೆಗೆ ಒಪ್ಪಿಗೆ ಕೊಟ್ಟಿದ್ದಾರೆ ಎಂಬುದನ್ನೆಲ್ಲ ಅವರು ಬಿಡಿಸಿ ಹೇಳಿದ್ದರು. ಹೇಳಿಬಿಡುತ್ತೇನೆ, ಲೇಖನ ನನಗೆ ಬಹಳ ಹಿಡಿಸಿತ್ತು. ಎದುರು ಪಕ್ಷದವರು ಅಂಕಿಅಂಶಗಳ ರಾಶಿ ಹಾಕಿ ಹೇಳಲಾಗದ್ದನ್ನು ಈ ಮನುಷ್ಯ ನಾಲ್ಕು ಸರಳ ವಾಕ್ಯಗಳಲ್ಲಿ ಹೇಳಿದ್ದರು. ಕೆಟ್ಟದಾಗಿ ಬರೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಏಕೆಂದರೆ ಜುಲೈ 1ರಂದು ಅದೇ ಮಸೂದೆ ಸೆನೆಟ್‌ನಲ್ಲಿ ಮತಕ್ಕೆ ಬಂದಾಗ ಅವರು ಪರವಾಗಿ ಮತ ಹಾಕಿದರು. ಸೆನೆಟ್‌ನ ಜಾಲತಾಣದಲ್ಲಿ ಆ ದಿನದ ಮತಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ನೂರು ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ನಿಂತಿರುತ್ತವೆ, ಪ್ರತಿ ಹೆಸರಿನ ಮುಂದೆ ಪಕ್ಷ, ರಾಜ್ಯ, ಹೌದು ಅಥವಾ ಇಲ್ಲ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ನ್ಯೂ ಹ್ಯಾಂಪ್‌ಷೈರ್‌ನ ಹ್ಯಾಸನ್, ಇಲ್ಲ. ಮಿಸೌರಿಯ ಹಾಲಿ, ಹೌದು. ನ್ಯೂ ಮೆಕ್ಸಿಕೋದ ಹೈನ್‌ರಿಕ್, ಇಲ್ಲ. ನೈತಿಕತೆಯ ಬಗ್ಗೆ ಪತ್ರಿಕೆಯಲ್ಲಿ ಅಷ್ಟುದ್ದ ಬರೆದವರಿಗೆ ಈ ಪಟ್ಟಿಯಲ್ಲಿ ಸಿಕ್ಕಿರುವ ಜಾಗ ಒಂದು ಪದದಷ್ಟು, ಮತ್ತು ಕಾನೂನಿಗೆ ಲೆಕ್ಕವಾಗುವುದು ಆ ಒಂದು ಪದ ಮಾತ್ರ.

ಆ ಒಂದು ಪದದ ತೂಕವನ್ನೂ ಸ್ವಲ್ಪ ನೋಡಿ. ರಿಪಬ್ಲಿಕನ್ ಪಕ್ಷದ 53 ಸದಸ್ಯರಲ್ಲಿ ಮೇನ್ ರಾಜ್ಯದ ಸೂಸನ್ ಕಾಲಿನ್ಸ್, ಕೆಂಟಕಿಯ ರ‍್ಯಾಂಡ್ ಪಾಲ್ ಮತ್ತು ನಾರ್ತ್ ಕ್ಯಾರೊಲೈನಾದ ಥಾಮ್ ಟಿಲಿಸ್ ವಿರುದ್ಧವಾಗಿ ನಿಂತದ್ದರಿಂದ ಮತಗಳು 50–50 ಆಗಿ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಬಂದು ತಮ್ಮ ನಿರ್ಣಾಯಕ ಮತ ಹಾಕಿ ಮಸೂದೆಯನ್ನು ದಾಟಿಸಿದರು. ಹಾಲಿಯವರು ಇಲ್ಲ ಎಂದಿದ್ದರೆ ಲೆಕ್ಕ 49–51 ಆಗುತ್ತಿತ್ತು, ಮಸೂದೆ ಅಂದು ಅಲ್ಲೇ ಬೀಳುತ್ತಿತ್ತು. ಪರವಾಗಿದ್ದ ಐವತ್ತು ಮಂದಿಯಲ್ಲಿ ಯಾರ ಬಗ್ಗೆ ಬೇಕಾದರೂ ಹೀಗೆ ಹೇಳಬಹುದು ಎನ್ನುತ್ತೀರಾ? ಹೇಳಬಹುದು. ಆದರೆ ಉಳಿದ ನಲವತ್ತೊಂಬತ್ತು ಮಂದಿ ಆ ಲೇಖನ ಬರೆದಿರಲಿಲ್ಲ. ಟಿಲಿಸ್ ಅವರನ್ನು ನೋಡಿ: ಮೆಡಿಕೇಡ್ ಕಡಿತದ ವಿರುದ್ಧ ಸದನದಲ್ಲಿ ಮಾತನಾಡಿದರು, ಇನ್ನು ಚುನಾವಣೆಗೇ ನಿಲ್ಲುವುದಿಲ್ಲವೆಂದು ಪ್ರಕಟಿಸಿದರು, ಮಾತಿನಂತೆ ಮತವನ್ನೂ ಹಾಕಿದರು. ಅವರ ಇತರ ನಿಲುವುಗಳ ಬಗ್ಗೆ ನನಗೆ ಹೆಚ್ಚಿನ ಪ್ರೀತಿಯೇನಿಲ್ಲ, ಆದರೆ ಆ ದಿನ ಮಾತು ಮತ್ತು ಮತ ಒಂದೇ ಆಗಿದ್ದವು.

ನಮ್ಮ ಕಡೆಯವರಿಗೆ ಇದರ ವಿಶೇಷ ತಟ್ಟನೆ ಹೊಳೆಯುವುದಿಲ್ಲ, ಅದಕ್ಕೆ ಕಾರಣವೂ ಇದೆ. ವಿಧಾನಸೌಧದಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಮಸೂದೆಗಳು ಅಂಗೀಕಾರವಾಗುವುದನ್ನು ನೋಡುತ್ತ ಬೆಳೆದವರು ನಾವು. ನಮ್ಮ ಶಾಸಕರು ಯಾವ ಮಸೂದೆಗೆ ಏನೆಂದು ಮತ ಹಾಕಿದರು ಎಂದು ಕೇಳುವ ಅಭ್ಯಾಸವೇ ನಮಗಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲಂತೂ ವಿಪ್ ಉಲ್ಲಂಘಿಸಿದರೆ ಸದಸ್ಯತ್ವಕ್ಕೇ ಕುತ್ತು, ಹಾಗಾಗಿ ಮನಸ್ಸಿನಲ್ಲೊಂದು ಮತದಲ್ಲೊಂದು ಇರುವ ಶಾಸಕರಿಗೆ ಒಂದು ನೆಪವಾದರೂ ಇದೆ. ಇಲ್ಲಿನ ಸೆನೆಟರಿಗೆ ಅಂಥ ಯಾವ ನೆಪವೂ ಇಲ್ಲ. ಪಕ್ಷದ ನಾಯಕರು ಮುನಿಸಿಕೊಳ್ಳಬಹುದು, ಅಧ್ಯಕ್ಷರು ರಾತ್ರಿ ಎರಡು ಗಂಟೆಗೆ ಜಾಲತಾಣದಲ್ಲಿ ಬಯ್ಯಬಹುದು, ಆದರೆ ಕುರ್ಚಿಯನ್ನು ಯಾರೂ ಕಿತ್ತುಕೊಳ್ಳಲಾರರು. ಹಾಲಿಯವರು ಮರುಆಯ್ಕೆಯಾದದ್ದು 2024ರಲ್ಲಿ. ಮತದಾರರ ಮುಂದೆ ಮತ್ತೆ ನಿಲ್ಲಲು ಇನ್ನೂ ಐದು ವರ್ಷಕ್ಕೂ ಹೆಚ್ಚಿನ ಅವಧಿ ಕೈಯಲ್ಲಿತ್ತು. ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತು ತಲೆ ಹಣ್ಣಾಗುತ್ತಿರುವ, ಈ ದೇಶದಲ್ಲಿ ಒಂದು ಮತವೂ ಇಲ್ಲದ ನನ್ನಂಥವರಿಗೆ, ನೂರರಲ್ಲಿ ಒಂದು ಮತವುಳ್ಳವರು ಅದನ್ನು ಹೀಗೆ ಬಳಸಿದ್ದನ್ನು ಕಂಡಾಗ ಹೊಟ್ಟೆಯುರಿಯುತ್ತದೆ. ಇದು ಶುದ್ಧ ಅಸೂಯೆ, ಒಪ್ಪುತ್ತೇನೆ.

ನನ್ನ ಕೆಲಸ ಆಸ್ಪತ್ರೆಗಳ ಕ್ಲೇಮುಗಳಿಗೆ ಸಂಬಂಧಿಸಿದ್ದೆಂದು ನಿಮಗೆ ಗೊತ್ತು, ಹಾಗಾಗಿ ಈ ಕಡಿತ ಎಲ್ಲಿ ತಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಲೇಬೇಕು. ಮಿಸೌರಿ ಸರ್ಕಾರ ಆಸ್ಪತ್ರೆಗಳ ಮೇಲೆ ಒಂದು ತೆರಿಗೆ ಹಾಕುತ್ತದೆ. ಆ ಹಣವನ್ನು ಮೆಡಿಕೇಡ್‌ನ ರಾಜ್ಯದ ಪಾಲೆಂದು ತೋರಿಸಿದರೆ, ಪ್ರತಿ ಡಾಲರಿಗೂ ಕೇಂದ್ರ ಹೆಚ್ಚುಕಡಿಮೆ ಎರಡು ಡಾಲರು ಸೇರಿಸುತ್ತದೆ. ಒಟ್ಟು ಮೊತ್ತ ಚಿಕಿತ್ಸೆಯ ಪಾವತಿಯಾಗಿ ಆಸ್ಪತ್ರೆಗಳಿಗೇ ಮರಳುತ್ತದೆ. ಇದನ್ನು ಲೆಕ್ಕದ ಕೈಚಳಕ ಎಂದು ಜರೆಯುವವರಿದ್ದಾರೆ, ಆ ಟೀಕೆಯಲ್ಲಿ ಹುರುಳಿಲ್ಲವೆಂದೂ ನಾನು ಹೇಳಲಾರೆ. ಆದರೆ ಹೆರಿಗೆ ವಾರ್ಡನ್ನು ಮುಚ್ಚುವುದೋ ಉಳಿಸಿಕೊಳ್ಳುವುದೋ ಎಂದು ತಿಂಗಳು ತಿಂಗಳೂ ಲೆಕ್ಕ ಹಾಕುವ ಸಣ್ಣ ಕೌಂಟಿಯ ಆಸ್ಪತ್ರೆ ನಡೆಯುತ್ತಿರುವುದು ಈ ಹಣದಿಂದಲೇ. ಹೊಸ ಕಾನೂನು ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ಈ ತೆರಿಗೆಯ ಮಿತಿಯನ್ನು ಆಸ್ಪತ್ರೆಯ ಆದಾಯದ ಶೇ. 6ರಿಂದ ವರ್ಷಕ್ಕೆ ಅರ್ಧ ಅಂಶದಂತೆ ಇಳಿಸುತ್ತ 2032ರ ಹೊತ್ತಿಗೆ ಶೇ. 3.5ಕ್ಕೆ ತರುತ್ತದೆ. ತಿಂಗಳಿಗೆ 80 ಗಂಟೆ ದುಡಿದದ್ದನ್ನು ಕಾಗದದಲ್ಲಿ ಸಾಬೀತುಪಡಿಸಬೇಕೆಂಬ ಷರತ್ತು ಬೇರೆ. ಎಲ್ಲ ಸೇರಿ 2034ರ ವೇಳೆಗೆ ಇನ್ನೂ ಸುಮಾರು 1 ಕೋಟಿ ಜನ ವಿಮೆಯಿಲ್ಲದವರಾಗುತ್ತಾರೆ ಎಂಬುದು ಸಂಸತ್ತಿನದೇ ಬಜೆಟ್ ಕಚೇರಿಯ ಅಂದಾಜು.

ರಾಜಕೀಯವೆಂದರೆ ಕೊಡುಕೊಳ್ಳುವಿಕೆ, ಮತ ಕೊಟ್ಟು ಅವರು ಏನನ್ನೋ ಪಡೆದರಲ್ಲ ಎಂದು ಸ್ನೇಹಿತರೊಬ್ಬರು ವಾದಿಸುತ್ತಾರೆ. ಪಡೆದದ್ದು ನಿಜ. ಅಣುಬಾಂಬ್ ತಯಾರಿಕೆಯ ಕಾಲದ ತ್ಯಾಜ್ಯ ಸೋರಿದ ಸೇಂಟ್ ಲೂಯಿಸ್‌ನ ಕೋಲ್ಡ್‌ವಾಟರ್ ತೊರೆಯ ಆಸುಪಾಸಿನಲ್ಲಿ ಕ್ಯಾನ್ಸರ್ ಬಂದವರಿಗೆ ಪರಿಹಾರ ದೊರಕಿಸುವ ಕಾನೂನು ಇದೇ ಮಸೂದೆಯೊಳಗೆ ಸೇರಿತು. ಆ ಜನ ದಶಕಗಳಿಂದ ಕಾದಿದ್ದರು, ಹಾಲಿಯವರು ಅದಕ್ಕಾಗಿ ವರ್ಷಗಟ್ಟಲೆ ಬಿಡದೆ ದುಡಿದರು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಮಸೂದೆಯಲ್ಲಿದ್ದ ಗ್ರಾಮೀಣ ಆಸ್ಪತ್ರೆಗಳ ನಿಧಿ 25 ಶತಕೋಟಿ ಡಾಲರಿನಿಂದ 50 ಶತಕೋಟಿಗೆ ಏರಿತು. ಆದರೆ ಮೆಡಿಕೇಡ್‌ನಿಂದ ಹತ್ತು ವರ್ಷಗಳಲ್ಲಿ ಹೋಗುವುದು 900 ಶತಕೋಟಿಗೂ ಹೆಚ್ಚು, ಬರುವುದು ಐದು ವರ್ಷಕ್ಕೆ 50. ಇದು ವ್ಯಾಪಾರವೆಂದೇ ಇಟ್ಟುಕೊಂಡರೂ ಲಾಭದ ವ್ಯಾಪಾರವಲ್ಲ. ಮೇಲಾಗಿ, ವ್ಯಾಪಾರ ಮಾಡಿದವರು ವ್ಯಾಪಾರ ಮಾಡಿದೆನೆಂದು ಹೇಳಲಿ, ಹರಿಶ್ಚಂದ್ರನ ವೇಷ ಯಾಕೆ?

ಆ ವೇಷವೇ ನನ್ನ ತಕರಾರು. ಮತ ಹಾಕಿ ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 15ರಂದು, ಅದೇ ಮೆಡಿಕೇಡ್ ಕಡಿತಗಳಲ್ಲಿ ಕೆಲವನ್ನು ರದ್ದು ಮಾಡುವ ಹೊಸ ಮಸೂದೆಯೊಂದನ್ನು ಹಾಲಿಯವರೇ ಮಂಡಿಸಿದರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅವರು ಚಿವುಟುವ ಕೈಯನ್ನಾದರೂ ಬಚ್ಚಿಡುತ್ತಾರೆ. ಇಲ್ಲಿ ಎರಡೂ ಕೈಗಳು ಕ್ಯಾಮೆರಾ ಮುಂದೆಯೇ ಇವೆ. ಸುದ್ದಿಯಾದದ್ದು ತೂಗಿದ ಕೈ, ಗುಂಪುಗಳಲ್ಲಿ ಹರಿದಾಡುತ್ತಿರುವುದೂ ಅದೇ.

ಇದು ಒಂದು ದಿನದ ಎಡವಟ್ಟಲ್ಲ. 2018ರಲ್ಲಿ ಮೊದಲ ಬಾರಿ ಸೆನೆಟ್‌ಗೆ ಸ್ಪರ್ಧಿಸಿದಾಗ, ತಮ್ಮ ಮಗನಿಗಿರುವ ದೀರ್ಘಕಾಲದ ಕಾಯಿಲೆಯನ್ನು ಪ್ರಸ್ತಾಪಿಸಿ, ಮೊದಲೇ ಕಾಯಿಲೆಯಿದ್ದವರಿಗೂ ವಿಮೆ ಸಿಗಲೇಬೇಕೆಂದು ಜಾಹೀರಾತಿನಲ್ಲಿ ಹೇಳಿದ್ದರು. ಅದೇ ಹೊತ್ತಿಗೆ ಮಿಸೌರಿಯ ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲ) ಆಗಿದ್ದವರೂ ಅವರೇ; ಆ ರಕ್ಷಣೆಯನ್ನು ಕೊಟ್ಟಿದ್ದ ಒಬಾಮಾ ಕಾಲದ ಕಾನೂನನ್ನೇ ಸಂಪೂರ್ಣ ರದ್ದುಪಡಿಸಬೇಕೆಂದು ಟೆಕ್ಸಾಸ್ ಮುಂದಾಳತ್ವದ ದಾವೆಯಲ್ಲಿ ಅವರ ರಾಜ್ಯವೂ ಒಂದು ಪಕ್ಷಗಾರನಾಗಿತ್ತು. ಸುಪ್ರೀಂ ಕೋರ್ಟ್ 2021ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು, ಅವರ ಪುಣ್ಯ. ಮುಂದೆ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಸ್ಥಗಿತಗೊಂಡು ಬಡವರ ಆಹಾರ ನೆರವು ನಿಲ್ಲುವ ಸ್ಥಿತಿ ಬಂದಾಗ, ಅಮೆರಿಕದಲ್ಲಿ ಯಾರೂ ಹಸಿದು ಮಲಗಬಾರದೆಂದು ಮತ್ತೆ ಅದೇ ಪತ್ರಿಕೆಯಲ್ಲಿ ಮತ್ತೊಂದು ಲೇಖನ ಬಂತು, ಅದೂ ಮನ ಮುಟ್ಟುವ ಹಾಗೆಯೇ ಇತ್ತು. ಅದೇ ಆಹಾರ ನೆರವಿಗೆ ದುಡಿಮೆಯ ಷರತ್ತಿನ ವಯಸ್ಸನ್ನು 54ರಿಂದ 64ಕ್ಕೆ ಏರಿಸಿದ್ದು, ವೆಚ್ಚದ ಒಂದು ಭಾಗವನ್ನು ರಾಜ್ಯಗಳ ತಲೆಗೆ ಕಟ್ಟಲು ದಾರಿ ಮಾಡಿದ್ದು ಯಾವ ಕಾನೂನು ಎಂದು ಊಹಿಸಬಲ್ಲಿರಿ.

ಆಸ್ಪತ್ರೆ ತೆರಿಗೆಯ ಇಳಿಕೆ ಶುರುವಾಗುವುದು 2028ರ ಹಣಕಾಸು ವರ್ಷದಲ್ಲಿ, ಅಷ್ಟರೊಳಗೆ ಅದನ್ನು ತಡೆಯುತ್ತೇನೆ ಎನ್ನುವುದು ಈಗ ಅವರ ಭರವಸೆ. ಜುಲೈ ತಿಂಗಳ ಮಸೂದೆ ಬಜೆಟ್‌ಗೆ ಸಂಬಂಧಿಸಿದ ವಿಶೇಷ ವಿಧಾನದಲ್ಲಿ ಬಂದದ್ದರಿಂದ ಸರಳ ಬಹುಮತ ಸಾಕಿತ್ತು. ಅದನ್ನು ತಡೆಯಲು ಅಂದು ಅವರೊಬ್ಬರ ಮತವೇ ಸಾಕಾಗಿತ್ತು. ಅವರು ಆಮೇಲೆ ಮಂಡಿಸಿದಂಥ ಮಾಮೂಲು ಮಸೂದೆ ಸೆನೆಟ್‌ನಲ್ಲಿ ಮುಂದೆ ಸಾಗಬೇಕಾದರೆ 60 ಮತ ಬೇಕು. ಉಳಿದ ಐವತ್ತೊಂಬತ್ತನ್ನು ಎಲ್ಲಿಂದ ತರುತ್ತಾರೆಂಬುದನ್ನು ಅವರು ಇನ್ನೂ ಯಾವ ಪತ್ರಿಕೆಗೂ ಬರೆದಿಲ್ಲ.