ಸತ್ಯಾಂಶ: ಇಂಟರ್ನೆಟ್ ಕಟ್ ಆದರೆ ಮನೆಯ ಅಲಾರಂ ಕೂಗುವುದಿಲ್ಲವೇ?

"ಕಳ್ಳ ಇಂಟರ್ನೆಟ್ ಕೇಬಲ್ ಕತ್ತರಿಸಿದರೆ ಸಾಕು, ಸ್ಮಾರ್ಟ್ ಸೆಕ್ಯುರಿಟಿ ಪೂರ್ತಿ ಬಂದ್" ಎನ್ನುವ ಮೆಸೇಜ್ ಓಡಾಡುತ್ತಿದೆ. ಎಲ್ಲ ಮನೆಗೂ ಇದು ನಿಜವಲ್ಲ.

ನೀವು ಹಾಕಿಟ್ಟ ರೂಲ್ (ಏನಾದರೆ ಏನು ಮಾಡಬೇಕು ಎಂಬ ಸೂಚನೆ) ಎಲ್ಲಿ ಕೂತು ಕೆಲಸ ಮಾಡುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಜಿಗ್‌ಬೀ, ಝಡ್-ವೇವ್ ಎಂಬ ವೈರ್‌ಲೆಸ್ ತಂತ್ರಜ್ಞಾನ ಬಳಸುವ ಸೆನ್ಸರ್‌ಗಳು ರೇಡಿಯೋ ಸಿಗ್ನಲ್ ಮೂಲಕ ಮನೆಯ ಹಬ್‌ಗೆ (ಸ್ಮಾರ್ಟ್ ಸಾಧನಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಗೆ) ಸುದ್ದಿ ಮುಟ್ಟಿಸುತ್ತವೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. "ರಾತ್ರಿ ಬಾಗಿಲು ತೆರೆದರೆ ಸೈರನ್ ಕೂಗಲಿ, ಲೈಟ್ ಹತ್ತಲಿ" ಎಂಬ ರೂಲ್ ಹಬ್‌ನೊಳಗೇ ಇದ್ದರೆ, ಇಂಟರ್ನೆಟ್ ಹೋದರೂ ಸೈರನ್ ಕೂಗುತ್ತದೆ. ಮನೆಯಲ್ಲೇ ಓಡುವ ಸ್ಮಾರ್ಟ್ ಹೋಮ್ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್ ಕೆಲಸ ಮಾಡುವುದು ಹೀಗೆಯೇ. ಅದೇ ರೂಲ್ ಕಂಪನಿಯ ಸರ್ವರ್‌ನಲ್ಲಿದ್ದರೆ ಮೆಸೇಜ್‌ನ ಮಾತು ನಿಜವಾಗುತ್ತದೆ. ಫೋನಿಗೆ ಬರುವ ಅಲರ್ಟ್ ಮಾತ್ರ ಎರಡರಲ್ಲೂ ನಿಲ್ಲುತ್ತದೆ, ಹಬ್‌ಗೆ ಸಿಮ್ ಬ್ಯಾಕಪ್ ಇದ್ದರೆ ಬರುತ್ತದೆ.

ಸುಮ್ನೆ ಹೆದರುವ ಬದಲು ನೀವೇ ಪರೀಕ್ಷಿಸಿ. ಮೊದಲು ಅಲಾರಂ ಆನ್ ಮಾಡಿ. ರೂಟರ್ ಆಫ್ ಮಾಡದೆ, ಅದಕ್ಕೆ ಬರುವ ಇಂಟರ್ನೆಟ್ ವೈರ್ ಮಾತ್ರ ತೆಗೆಯಿರಿ. ಈಗ ಬಾಗಿಲು ತೆರೆಯಿರಿ. ಸೈರನ್ ಕೂಗದಿದ್ದರೆ, ಆ ರೂಲನ್ನು ಹಬ್‌ನಲ್ಲೇ ಹಾಕಲು ಆಗುತ್ತದಾ ಎಂದು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ನನ್ನ ಪ್ರಕಾರ ಜಾಸ್ತಿ ಯೋಚಿಸಬೇಕಾದದ್ದು ಕರೆಂಟ್ ಬಗ್ಗೆ. ಹಬ್‌ಗೂ ಸೈರನ್‌ಗೂ ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ಎಷ್ಟು ಒಳ್ಳೆಯ ರೂಲ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ.